ನಾಲ್ಕನೆಯ ಕ್ಷಮೆ

"ಬಿಡಿ ಭಾವ, ಕೈಯಲ್ಲಿ ಸೂಜಿ ಇದೆ!" ಎಂದು ಬೈಂಡರ್ ಕೂಗಿದರೂ ಭಾವ ಅಪ್ಪುಗೆ ಸಡಿಲಿಸಲಿಲ್ಲ. ಅರ್ಧ ಹೊಲಿದ ಪುಸ್ತಕ ಇಬ್ಬರ ಎದೆಗಳ ನಡುವೆ ಸಿಕ್ಕಿ ಮುದುಡಿತು. ಏಳು ವರ್ಷ ಮುಖ ನೋಡದ ಮನುಷ್ಯ ಬಾಗಿಲನ್ನೂ ತಟ್ಟದೆ ಒಳಗೆ ಬಂದು ಹೀಗೆ ತಬ್ಬಿಕೊಂಡರೆ ಯಾರಿಗೆ ತಾನೇ ಕೈಕಾಲು ಆಡುತ್ತದೆ?

"ನಿನ್ನನ್ನ ಕ್ಷಮಿಸಿದ್ದೀನಿ ಕಣೋ," ಎಂದ ಭಾವ. ಕಣ್ಣು ಒದ್ದೆಯಾಗಿತ್ತು. "ಎದೆ ಮೇಲಿದ್ದ ಕಲ್ಲನ್ನ ಯೇಸು ಎತ್ತಿ ಆಚೆ ಎಸೆದುಬಿಟ್ಟ. ಎಂಥಾ ಆನಂದ ಗೊತ್ತಾ! ನಿನ್ನೆಯಿಂದ ಊಟಾನೇ ಬೇಕು ಅನ್ನಿಸ್ತಿಲ್ಲ."

"ಎರಡು ಸಲ ಬಡಿಸ್ಕೊಂಡ್ರಲ್ಲ, ಅದು?" ಎಂದಳು ಹೊಸ್ತಿಲಲ್ಲಿ ನಿಂತ ಅಕ್ಕ. "ಬೆಳಗ್ಗೆಯಿಂದ ನೀನು ನಾಲ್ಕನೆಯವನು ಕಣೋ. ತನ್ನನ್ನ ಯಾಕೆ ಕ್ಷಮಿಸಿದ್ರು ಅಂತ ಹಾಲಿನವನಿಗೆ ಇನ್ನೂ ಗೊತ್ತಾಗಿಲ್ಲ, ಪಾಪ." ಮಾತು ಗಂಡನ ಬಗ್ಗೆ, ಕಣ್ಣು ಮಾತ್ರ ತಮ್ಮನ ಮೇಲೆ. ಅವನು ಆ ಮನೆಗೆ ಬರಕೂಡದು, ಅವಳು ಈ ಕೋಣೆಗೆ ಕಾಲಿಡಕೂಡದು ಎಂದು ಭಾವನ ಕಟ್ಟಪ್ಪಣೆಯಿತ್ತು. ಇವನ ತಲೆ ಇಷ್ಟೊಂದು ಯಾವಾಗ ಬೆಳ್ಳಗಾಯಿತು ಎಂದು ಅವಳು ನೋಡುತ್ತಲೇ ಇದ್ದಳು.

ಏಳು ವರ್ಷದ ಹಿಂದೆ ಭಾವ ತನ್ನ ಬೈಂಡಿಂಗ್ ಅಂಗಡಿಯಿಂದ ಚರ್ಚಿಗೆ ಕಾಣಿಕೆ ಕೊಟ್ಟದ್ದು ಚರ್ಮದ ರಟ್ಟಿನ, ಚಿನ್ನದ ಅಕ್ಷರದ ಪ್ರಾರ್ಥನೆ ಪುಸ್ತಕ. ಅದನ್ನು ಮೊದಲು ತೆರೆದದ್ದು ಅವನ ಮಗಳ ಮದುವೆಯಲ್ಲೇ. ಪಾದ್ರಿಗಳು ವಧುವರರನ್ನು ಹರಸುತ್ತಾ ಪುಟ ತಿರುವಿ, "ಈ ದೇಹವನ್ನು ಮಣ್ಣಿಗೆ ಒಪ್ಪಿಸುತ್ತಿದ್ದೇವೆ" ಎಂದು ಓದಿಬಿಟ್ಟರು. ಮದುವೆಯ ಹಾಳೆಗಳ ನಡುವೆ ಶವಸಂಸ್ಕಾರದ ಹಾಳೆ. ಬೀಗರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕರು. ಹೊಲಿದವನು ಬೈಂಡರ್, ಅಂದೇ ಅವನು ಅಂಗಡಿಯಿಂದಲೂ ಆಚೆ, ಮನೆಯಿಂದಲೂ ಆಚೆ.

"ಭಾನುವಾರ ಚರ್ಚಲ್ಲಿ ಸಭೆ ಎದುರು, ನಿನ್ನನ್ನ ಹೇಗೆ ಕ್ಷಮಿಸಿದೆ ಅಂತ ಸಾಕ್ಷಿ ಹೇಳ್ತೀನಿ. ಪಾದ್ರಿಗಳಿಗೆ ತಿಳಿಸಿ ಆಗಿದೆ. ನೀನು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ್ಕೊಂಡ್ರೆ ಸಾಕು. ಆಮೇಲೆ ಅಂಗಡಿಗೂ ಬಾ, ಮನೆಗೂ ಬಾ."

ಬೈಂಡರ್ ಅಕ್ಕನ ಕಡೆ ನೋಡಿದ. "ಆಗಲಿ ಭಾವ. ಈ ಕೆಲಸದಲ್ಲಿ ತಲೆ ಹೇಗೂ ತಗ್ಗೇ ಇರುತ್ತೆ."

ಅಕ್ಕ ಹೊಸ್ತಿಲು ದಾಟಿ ಒಳಗೆ ಬಂದಳು. ಭಾವ ತೃಪ್ತಿಯಿಂದ ಕುರ್ಚಿ ಎಳೆದುಕೊಂಡು, ಮೊಣಕೈ ಊರಲು ಜಾಗ ಮಾಡಿಕೊಳ್ಳಲೆಂದು ಮೇಜಿನ ಮೇಲಿದ್ದ ಅಂಟಿನ ಬಟ್ಟಲನ್ನು ಎತ್ತಿದ. ಕೆಳಗೆ ಮಡಿಸಿದ ಕಾಗದದ ಪುಟ್ಟ ಮಾದರಿ ಪುಸ್ತಕವಿತ್ತು, ಮೈತುಂಬಾ ಅಂಟಿನ ವೃತ್ತಗಳು. ಅವನ ಅಂಗಡಿಯಲ್ಲಿ ಯಾವ ಹಾಳೆ ಯಾವುದರ ಹಿಂದೆ ಎಂದು ಅವನೇ ಇಂಥ ಮಾದರಿಯಲ್ಲಿ ಬರೆದುಕೊಡದೆ ಯಾರೂ ಸೂಜಿಗೆ ದಾರ ಪೋಣಿಸುವಂತಿರಲಿಲ್ಲ. ಅವನು ಪುಟ ತಿರುವಿದ. ಒಂಬತ್ತನೇ ಹಾಳೆ, ಮದುವೆ. ಹತ್ತು, ಶವಸಂಸ್ಕಾರ. ಹನ್ನೊಂದು, ಮತ್ತೆ ಮದುವೆ. ಕೊನೆಯಲ್ಲಿ ಕೆಂಪು ಪೆನ್ಸಿಲ್ಲಿನಲ್ಲಿ 'ಇದೇ ಕ್ರಮ, ಯಾರೂ ಬದಲಿಸಬಾರದು'. ಕೆಳಗೆ ಅವನದೇ ಸಹಿ.

"ಇದು ನಿನ್ನ ಹತ್ರ ಯಾವಾಗಿಂದ ಇದೆ?"

"ಅವತ್ತಿಂದ."

"ಯಾಕೋ ತೋರಿಸಲಿಲ್ಲ?"

"ಮರುದಿನ ನಿಮ್ಮ ಮುಖಕ್ಕೆ ಎಸೀಬೇಕು ಅಂತಾನೇ ತಂದಿಟ್ಟಿದ್ದೆ. ಬೆಳಗ್ಗೆ ಪ್ರಾರ್ಥನೆಗೆ ಕೂತರೆ ಕೋಪ ಹುಡುಕಿದ್ರೂ ಸಿಗಲಿಲ್ಲ. ನಗು ಬಂತು ಭಾವ. ಹಗುರಾಗಿ, ಮಗು ಥರ. ನಿಮ್ಮನ್ನ ಕ್ಷಮಿಸಿ, ಅಂಟು ಕಾಯಿಸೋಕೆ ಎದ್ದೆ. ಬಟ್ಟಲಿನ ಕೆಳಗೆ ಏನಾದ್ರೂ ಬೇಕಿತ್ತು."

ಭಾವ ಮಾದರಿಯನ್ನು ಇದ್ದಲ್ಲೇ ಇಟ್ಟು, ಬಟ್ಟಲನ್ನು ಮತ್ತೆ ಅದರ ಮೇಲೆ ಸರಿಯಾಗಿ ಕೂರಿಸಿದ.

"ಭಾನುವಾರ ಏನು ಹೇಳಲಿ ನಾನು?"

"ಕ್ಷಮೆ ಸಿಕ್ತು ಅಂತ ಹೇಳಿ," ಎಂದಳು ಅಕ್ಕ. "ಅದೂ ಆನಂದವೇ ಅಲ್ವಾ? ತಲೆ ತಗ್ಗಿಸೋದು ಅವನ ಬದಲು ನೀವು, ಅಷ್ಟೇ."

ಬೈಂಡರ್ ಬಟ್ಟೆಯಲ್ಲಿ ಬೆರಳೊರೆಸಿ ಕೈ ಚಾಚಿದ. "ಕೊಟ್ಟು ಏಳು ವರ್ಷ ಆಯ್ತು ಭಾವ. ತಗೊಳ್ಳೋಕೆ ನೀವು ಬರೋದೇ ಬಾಕಿ ಇತ್ತು."

ಭಾವ ಎದ್ದು ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿಕೊಂಡ. ಕೈಗಳನ್ನು ಜೇಬಿಗೆ ಇಳಿಸಿದ.

"ಬೇಡ," ಎಂದ.