ಒಬ್ಬರೂ ಬೇಡ ಅನ್ನಲಿಲ್ಲ

ಕನ್ನಡ ಟೈಪಿಂಗಿನ ಸ್ವತಂತ್ರ ತಂತ್ರಾಂಶವೊಂದನ್ನು ಬಳಸುವವರು ಎಡವಿದಾಗಲೆಲ್ಲ, ಬರೆದದ್ದು ಎಲ್ಲ ಸದಸ್ಯರಿಗೂ ಮೇಲ್ ಆಗಿ ತಲುಪುವ ಮೇಲಿಂಗ್ ಲಿಸ್ಟಿಗೆ ಬರೆಯುತ್ತಿದ್ದರು. ಕಣ್ಣು ಕಾಣದ ವಾರಿಜಾ ಕಂಪ್ಯೂಟರಿನಿಂದ ಆ ಮೇಲ್‌ಗಳನ್ನು ಓದಿಸಿಕೊಂಡು, ವರ್ಷಗಳಿಂದ ಬೇಸರವಿಲ್ಲದೆ ಉತ್ತರಿಸುತ್ತಿದ್ದಳು. ಲಿಸ್ಟಿನ ಬದಲಿಗೆಂದು ಜೊತೆಗಾರ ಗುರುಪಾದ ಹೊಸದಾಗಿ ಕಟ್ಟಿದ ವೆಬ್ ಫೋರಂ ಮಾತ್ರ ಅವಳನ್ನು ಒಳಗೆ ಬಿಡುತ್ತಿರಲಿಲ್ಲ. ಅದರೊಳಗೆ ಹೋಗಲು ಚಿತ್ರದೊಳಗಿನ ಅಕ್ಷರ ನೋಡಿ ಟೈಪ್ ಮಾಡಬೇಕಿತ್ತು.

“ಅದನ್ನ ಸರಿಮಾಡೋವರೆಗೂ ಲಿಸ್ಟ್ ಮುಚ್ಚಲ್ಲ, ನನ್ನ ನಂಬು,” ಎಂದಿದ್ದ ಗುರುಪಾದ. ಅವಳು ನಂಬಿದ್ದಳು.

ಒಂದು ಬೆಳಿಗ್ಗೆ ಅವಳು ಕಳಿಸಿದ ಉತ್ತರ ವಾಪಸ್ ಬಂತು. ಲಿಸ್ಟ್ ಮುಚ್ಚಿತ್ತು. ಅವಳು ಫೋನ್ ಮಾಡಿದಳು.

“ಎಲ್ಲರ ಮತ ತಗೊಂಡೇ ಮುಚ್ಚಿದ್ದು ವಾರಿಜಾ. ಒಬ್ಬರೂ ಬೇಡ ಅನ್ನಲಿಲ್ಲ.”

“ನನ್ನನ್ನ ಯಾರೂ ಕೇಳಲೇ ಇಲ್ಲವಲ್ಲ. ಮತ ಎಲ್ಲಿ ತಗೊಂಡ್ರಿ?”



“ಫೋರಂನಲ್ಲಿ.”