ಗಂಟೆಯ ಮೆಷಿನ್ನಿಗೆ ರಜೆ

ಯಂತ್ರಗಳಿಗೂ ಭಾನುವಾರದ ರಜೆ ಬಂದು ಎಂಟು ವರ್ಷವಾಗಿತ್ತು. ಆ ದಿನ ಅವು ಎಣ್ಣೆ ಹಚ್ಚಿಸಿಕೊಂಡು ಇಗರ್ಜಿಯ ಬೆಂಚುಗಳಲ್ಲಿ ಕೂರುತ್ತಿದ್ದವು.

ಬೇಕರಿಯ ಲಿಗೋರಿ ಪಾಪನಿವೇದನೆಗೆ ಬಂದು ಮೊಣಕಾಲೂರಿದ.

"ಫಾದರ್, ಮದುವೆಯ ಆರ್ಡರ್ ಇತ್ತು. ಮೊನ್ನೆ ಭಾನುವಾರವೂ ಹಿಟ್ಟು ನಾದುವ ಮೆಷಿನ್ ಹತ್ರ ಕೆಲಸ ಮಾಡಿಸಿದೆ."

ಫಾದರ್ ಹಿಲರಿ ನಿಟ್ಟುಸಿರಿಟ್ಟರು. "ದುಡಿಯುವವರ ವಿಶ್ರಾಂತಿ ನಿನ್ನ ದಯೆಯಲ್ಲ ಮಾರಾಯ, ಅವರ ಹಕ್ಕು. ಒಂದು ವಾರ ನೀನೇ ಕೈಯಲ್ಲಿ ನಾದು. ಅದು ಕೂತು ನೋಡಲಿ."

"ಆಯ್ತು ಫಾದರ್." ಲಿಗೋರಿ ಏಳಲಿಲ್ಲ. "ಮತ್ತೆ ನಮ್ಮ ಇಗರ್ಜಿಯ ಗಂಟೆ ಹೊಡೆಯುವ ಮೆಷಿನ್ ಉಂಟಲ್ಲ, ಅದಕ್ಕೆ ಯಾವ ಭಾನುವಾರ ರಜೆ?"



ಮುಂದಿನ ಭಾನುವಾರ ಗಂಟೆ ತಾಳ ತಪ್ಪಿ ಬಡಿಯಿತು. ಗಂಟೆಯ ಮೆಷಿನ್ ಮೊದಲ ಬೆಂಚಿನಲ್ಲಿ ಕೂತಿತ್ತು. ಹಗ್ಗ ಎಳೆದು ಬಂದ ಫಾದರ್, ದುಡಿಮೆಯ ಘನತೆಯ ಕುರಿತ ಪ್ರವಚನವನ್ನು ಎರಡೇ ನಿಮಿಷದಲ್ಲಿ ಮುಗಿಸಿದರು. ಅವರಲ್ಲಿ ಅಷ್ಟೇ ಉಸಿರು ಉಳಿದಿತ್ತು.