ಯಾರೂ ಅನ್ನದ ಆಮೆನ್

ಪ್ರಮೀಳಾ ಪ್ರಾರ್ಥನೆ ಮುಗಿಸಿದಾಗ ಊಟದ ಮೇಜಿನ ಸುತ್ತ ಕೂತವರಲ್ಲಿ ಒಬ್ಬರೂ ‘ಆಮೆನ್’ ಅನ್ನಲಿಲ್ಲ. ಏನು ತಪ್ಪಿತೆಂದು ಅವಳು ಕಣ್ಣು ಮುಚ್ಚಿಕೊಂಡೇ ನೆನೆಸಿಕೊಂಡಳು. “ಕರ್ತನೇ, ಕಾಡಿನ ಹಳ್ಳಿಗಳಲ್ಲಿ ನಿನ್ನ ಸುವಾರ್ತೆ ಸಾರುವ ಈ ದಂಪತಿಯನ್ನು ಕಾಪಾಡು. ಹಾಸಿಗೆ ಹಿಡಿದಿರುವ ಆನಂದಪ್ಪನವರನ್ನು ಎಬ್ಬಿಸಿ ನಡೆಸು” ಎಂದಿದ್ದಳು. ಆನಂದಪ್ಪನವರು ತೀರಿಕೊಂಡು ತಿಂಗಳುಗಳೇ ಕಳೆದಿದ್ದವು. ಸುದ್ದಿ ಬಂದ ಭಾನುವಾರ ಚರ್ಚಿನಲ್ಲಿ ಅವಳೂ ಎಲ್ಲರ ಜೊತೆ ಅತ್ತಿದ್ದಳು. ಈಗ ಅವಳ ಮನೆಗೆ ಊಟಕ್ಕೆ ಬಂದು, ಪಕ್ಕದಲ್ಲಿ ಅವಳ ಕೈ ಹಿಡಿದು ಕೂತಿದ್ದವರು ಅವರ ಹೆಂಡತಿ ಕರುಣಾಬಾಯಿ.

ಮಲ್ಕಾಜ್‌ಗಿರಿಯ ಚರ್ಚಿನ ಸಭೆಯವರು ಯಾರಿಗಾಗಿ ಯಾವ ಮನೆಯವರು ಪ್ರಾರ್ಥಿಸಬೇಕೆಂದು ಮಿಷನರಿಗಳನ್ನು ಹಂಚಿಕೊಂಡಾಗ ಈ ದಂಪತಿಯ ಫೋಟೊವನ್ನು ಪ್ರಮೀಳಾ ತಾನಾಗಿಯೇ ಕೇಳಿ ತಂದು ಫ್ರಿಜ್ಜಿಗೆ ಅಂಟಿಸಿದ್ದಳು. ಬೆಳಿಗ್ಗೆ ಗಚ್ಚಿಬೌಲಿಯ ಆಫೀಸಿನ ಕ್ಯಾಬು ಕೆಳಗೆ ಹಾರ್ನ್ ಹೊಡೆಯುತ್ತಿದ್ದರೆ, ಇವಳು ಡಬ್ಬಿಗೆ ಮೊಸರನ್ನ ತುಂಬುತ್ತ ಇದೇ ಪ್ರಾರ್ಥನೆಯನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು. ಒಂದು ದಿನವೂ ತಪ್ಪಿಸಿರಲಿಲ್ಲ. ಅದೇ ಅವಳ ಹೆಮ್ಮೆಯಾಗಿತ್ತು.

“ಆಮೆನ್” ಎಂದರು ಕರುಣಾಬಾಯಿ.

“ಅಕ್ಕಾರ, ಭಾಳ ತಪ್ಪಾತ್ರಿ...”

“ಇರಲಿ ಬಿಡವಾ. ನಾಳೆ ಮತ್ತ ಆ ಕಾಡಿನ ಹಳ್ಳಿಗೋಳಿಗೇ ಹೊಂಟೀನಿ, ಒಬ್ಬಾಕಿನ. ಈಗ ನನ್ನ ಸಲುವಾಗಿ ಒಂದು ಮಾತು ಬೇಡಿಕೋ.”

ಪ್ರಮೀಳಾ ಮತ್ತೆ ಕಣ್ಣು ಮುಚ್ಚಿದಳು. “ಕರ್ತನೇ” ಎಂದಳು. ಮುಂದಿನ ಮಾತು ಹೊರಡಲಿಲ್ಲ. ನಾಚಿಕೆಗೆ ತನ್ನ ಕೈ ನಡುಗುತ್ತಿದೆ ಅಂದುಕೊಂಡು ಕರುಣಾಬಾಯಿಯವರ ಕೈಯನ್ನು ಬಿಗಿಹಿಡಿದಳು.

ನಡುಗುತ್ತಿದ್ದದ್ದು ಅವಳ ಕೈಯಲ್ಲ.